ಪರೀಕ್ಷೆಗೆ ಬಾರದ ಪದ್ಯಗಳು

ನಂತೂರಿನ ತಾರಾನಾಥ ಶೆಟ್ಟರ ಹೋಟೆಲಿನಲ್ಲಿ ಮೋಹನದಾಸನಿಗೆ ಪುಕ್ಕಟೆ ಊಟ ಶುರುವಾದದ್ದು ಒಬ್ಬ ಲಾರಿ ಡ್ರೈವರನ ಹಲ್ಲು ಉದುರಿಸಿದ ದಿನದಿಂದ. ಡ್ರೈವರ್ ಕುಡಿದು ಬಂದಿದ್ದ. ಬಂಗುಡೆ ಮೀನು ಹಳಸಿದೆ ಎಂದು ಬಿಸಿ ಸಾರಿನ ಬಟ್ಟಲನ್ನು ಬಡಿಸುತ್ತಿದ್ದ ಜಯನ ಎದೆಗೆ ಎಸೆದ. ಬಾಗಿಲಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದ ಮೋಹನದಾಸ್ ಒಳಗೆ ಹೋಗಿ ಅವನ ಕೂದಲು ಹಿಡಿದು ಮುಖವನ್ನು ಮೇಜಿನ ಕಲ್ಲಿಗೆ ಬಡಿದ. ಮತ್ತೊಮ್ಮೆ ಬಡಿದಾಗ ಹಲ್ಲು ಬಿತ್ತು. ಇನ್ನೂ ಬಡಿಯುತ್ತಿದ್ದ, ಜಯನೇ ಸೊಂಟ ಹಿಡಿದು ಎಳೆದ.

"ಬಿಡು ಮಾರಾಯ, ಸತ್ತರೆ ನೆಲ ಒರೆಸಬೇಕಾದವನು ನಾನೇ."

ಕ್ಯಾಶಿನಲ್ಲಿ ಕೂತಿದ್ದ ಶೆಟ್ಟರು ಎದ್ದಿರಲೇ ಇಲ್ಲ. ಹುಡುಗನನ್ನು ಬೆರಳಲ್ಲಿ ಕರೆದರು.

"ಯಾರ ಮಗ ನೀನು?"

"ಕುದ್ರೋಳಿ ದೇಯಿಯ ಮಗ. ಬೂಬನ ಮೊಮ್ಮಗ."

"ನಮ್ಮ ಬೂಬನ?" ಶೆಟ್ಟರ ಮುಖ ಅರಳಿತು. "ಕೂತ್ಕೊ ಮಗಾ. ಜಯಾ, ಇವನಿಗೆ ಬಡಿಸು. ಇನ್ನು ಮೇಲೆ ಇವನ ಹತ್ರ ದುಡ್ಡು ಕೇಳ್ಬಾರ್ದು."

ಬೂಬ ಶೆಟ್ಟರ ಮನೆಯ ಒಕ್ಕಲು. ಭೂಮಸೂದೆ ಬಂದಾಗ ಊರಿನ ಒಕ್ಕಲುಗಳೆಲ್ಲ ಡಿಕ್ಲರೇಷನ್ ಹಾಕಿ ಉಳುತ್ತಿದ್ದ ಗದ್ದೆಯನ್ನು ಸ್ವಂತ ಮಾಡಿಕೊಂಡರು. ಬೂಬ ಹಾಕಲಿಲ್ಲ. ಧಣಿಯ ಅನ್ನ ತಿಂದವರು ನಾವು, ಅವರ ಮೇಲೆ ಕೋರ್ಟಿಗೆ ಹೋಗುವುದೇ ಎಂದ. ಅರ್ಜಿ ಹಾಕುವ ಗಡು ಮುಗಿದ ಮೇಲೆ ಶೆಟ್ಟರು ಆ ಗದ್ದೆ ಮಾರಿ ನಂತೂರಿನಲ್ಲಿ ಹೋಟೆಲು ಹಾಕಿದರು. ಬೂಬ ಮಗಳ ಜೊತೆ ಕುದ್ರೋಳಿಗೆ ಬಂದು, ಬಾಡಿಗೆಯ ಒಂದು ಕೋಣೆಯಲ್ಲಿ ಕೆಮ್ಮಿ ಕೆಮ್ಮಿ ಸತ್ತ. ಹೆಣ ನೋಡಲು ಶೆಟ್ಟರ ಕಡೆಯಿಂದ ಯಾರೂ ಬರಲಿಲ್ಲ. ದೇಯಿ ಬೀಡಿ ಕಟ್ಟಿ ಮಗನನ್ನು ಓದಿಸಿದಳು. ಬೀಡಿ ಕಟ್ಟುವಾಗ ದಿನಾ ಅವಳ ಬಾಯಲ್ಲಿ ಒಂದೇ ಮಾತು: "ಮಂಡೆ ಇಲ್ಲದ ಮುದುಕ. ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದರೆ ಇವತ್ತು ನಮ್ಮ ಅಂಗಳದಲ್ಲಿ ನಮ್ಮ ಭತ್ತ ಇರುತ್ತಿತ್ತು."

ಮೋಹನದಾಸನೂ ಅಜ್ಜನನ್ನು ಮಂಡೆ ಇಲ್ಲದ ಮುದುಕನೆಂದೇ ತಿಳಿದಿದ್ದ. ವಿನಿಫ್ರೆಡ್ ಮಿಸ್ ಜೋಳವಾಳಿಯ ಪಾಠ ಮಾಡುವ ತನಕ.

ಆಗ ಅವನು ಬಿ.ಎ. ಕೊನೆಯ ವರ್ಷದಲ್ಲಿದ್ದ. ಕೊಣಾಜೆಯ ಗುಡ್ಡದ ಮೇಲೆ ಹೊಸ ವಿಶ್ವವಿದ್ಯಾಲಯ ಆಗಿ ಹೆಚ್ಚು ಕಾಲವಾಗಿರಲಿಲ್ಲ. ಹಳಗನ್ನಡದ ಪೇಪರು ತೆಗೆದು ಆ ಜಾಗಕ್ಕೆ ವ್ಯವಹಾರ ಕನ್ನಡ ತರುತ್ತಾರಂತೆ ಎಂಬ ಸುದ್ದಿ ಕಾಲೇಜಿನಲ್ಲಿ ಹಬ್ಬಿತ್ತು. ಹಳಗನ್ನಡ ಕಲಿಸುತ್ತಿದ್ದವರು ವಿನಿಫ್ರೆಡ್ ಮಿಸ್. ಜೆಪ್ಪುವಿನ ಹಂಚಿನ ಕಾರ್ಖಾನೆಯ ಗುಮಾಸ್ತರ ಮಗಳು. ಮನೆಯಲ್ಲಿ ಕೊಂಕಣಿ, ಇಗರ್ಜಿಯ ಪ್ರಾರ್ಥನೆಯಲ್ಲಿ ಕೊಂಕಣಿ. ಕ್ಲಾಸಿನಲ್ಲಿ ಸಾವಿರ ವರ್ಷದ ಹಿಂದಿನ ಕನ್ನಡವನ್ನು ಮಾತ್ರ ತನ್ನ ತಾಯಿಯ ಬಾಯಿಂದ ಕಲಿತಂತೆ ಓದುತ್ತಿದ್ದರು. ಅರ್ಥವಾಗದವರೂ ಓದು ಮುಗಿಯುವ ತನಕ ಸುಮ್ಮನಿರುತ್ತಿದ್ದರು.

ಪಠ್ಯದಲ್ಲಿದ್ದದ್ದು ಒಂದು ಹಳೆಯ ಚಂಪೂಕಾವ್ಯದ ತುಂಡು. ಕೋಟೆ ಬಿದ್ದಿದೆ. ರಾಜ ಹಿಂದಿನ ದಿಡ್ಡಿಯಿಂದ ತಪ್ಪಿಸಿಕೊಳ್ಳಬೇಕು. ಅವನ ಅನ್ನ ತಿಂದ ಆಳೊಬ್ಬ ಮುಂದಿನ ಬಾಗಿಲಲ್ಲಿ ಒಬ್ಬನೇ ನಿಲ್ಲುತ್ತಾನೆ. ಬಲಗೈ ತುಂಡಾದಾಗ ಕತ್ತಿಯನ್ನು ಎಡಗೈಗೆ ತೆಗೆದುಕೊಳ್ಳುತ್ತಾನೆ. ಎಡಗೈಯೂ ಹೋದಾಗ ಶತ್ರುವಿನ ಕುದುರೆಯ ಕಾಲಿಗೆ ಅಡ್ಡ ಮಲಗುತ್ತಾನೆ. ಕುದುರೆ ಎಡವಿ ಬೀಳುತ್ತದೆ, ಅವನ ಎದೆಗೂಡು ಪುಡಿಯಾಗುತ್ತದೆ, ಅಷ್ಟರಲ್ಲಿ ರಾಜ ಕಾಡು ಸೇರಿರುತ್ತಾನೆ.

"ಇದು ಜೋಳವಾಳಿ," ಮಿಸ್ ಹೇಳಿದರು. "ಒಡೆಯನ ಜೋಳ ತಿಂದವನು ಒಡೆಯನಿಗೆ ತಲೆ ಕೊಡಬೇಕು. ಆ ಕಾಲದ ಬಾಳು ನಿಂತದ್ದೇ ಇದರ ಮೇಲೆ."

"ಮಿಸ್, ನಾವು ಕುಚ್ಚಲಕ್ಕಿ ತಿನ್ನುವವರು," ಹಿಂದಿನ ಬೆಂಚಿನಿಂದ ಯಾರೋ ಅಂದ. "ನಮಗೆ ಲಾಗು ಆಗುದಿಲ್ಲ."

ಕ್ಲಾಸು ನಕ್ಕಿತು. ಮುಂದಿನ ಸಾಲಿನ ಆಶಾಲತಾ ನಗಲಿಲ್ಲ. ಅವಳ ಅಣ್ಣಂದಿರಿಬ್ಬರೂ ಬ್ಯಾಂಕಿನಲ್ಲಿದ್ದರು.

"ನಗೆ ಇರ್ಲಿ ಮಿಸ್, ಇದನ್ನು ಓದಿ ನಮಗೆ ಎಂತ ಸಿಗ್ತದೆ? ಬ್ಯಾಂಕಿನ ಇಂಟರ್‌ವ್ಯೂನಲ್ಲಿ ಕೇಳ್ತಾರಾ?"

"ಬ್ಯಾಂಕಿನವರು ಕೇಳದ್ದನ್ನು ಕೇಳ್ಲಿಕ್ಕೆ ನಿಮಗೆ ಬರ್ಬೇಕು, ಅದಕ್ಕೆ," ಎಂದರು ಮಿಸ್. ಗಡಿಯಾರ ನೋಡಿ ಪುಟ ಮಗುಚಿದರು. "ಮುಂದಿನ ಹದಿನೈದು ಪದ್ಯ ಯುದ್ಧ ಮುಗಿದ ಮೇಲಿನ ಕಳದ ವರ್ಣನೆ. ಅದರಿಂದ ಪ್ರಶ್ನೆ ಬರುದಿಲ್ಲ. ಬಿಡುವಾ. ಪೋರ್ಶನ್ ಮುಗೀಬೇಕು."

ಮೋಹನದಾಸನಿಗೆ ಈ ಕೊನೆಯ ಮಾತು ಕೇಳಿಸಿರಲೇ ಇಲ್ಲ. ಅವನ ತಲೆಯಲ್ಲಿ ಅಜ್ಜ ಎದ್ದು ನಿಂತಿದ್ದ. ಅಜ್ಜ ಮಾಡಿದ್ದಕ್ಕೆ ಒಂದು ಹೆಸರು ಇತ್ತು, ಸಾವಿರ ವರ್ಷದಿಂದ ಇತ್ತು, ಅದನ್ನು ಪುಸ್ತಕದಲ್ಲಿ ಅಚ್ಚು ಹಾಕಿ ಡಿಗ್ರಿಗೆ ಓದಿಸುತ್ತಿದ್ದರು. ಅವತ್ತು ಮನೆಯಲ್ಲಿ ತಾಯಿ ಎಂದಿನಂತೆ ಮುದುಕನನ್ನು ಬೈಯಲು ಶುರು ಮಾಡಿದಾಗ ಅವನು ಬೀಡಿಯ ಮೊರವನ್ನು ಒದ್ದ. ತಂಬಾಕು ಕೋಣೆಯ ತುಂಬ ಚೆಲ್ಲಿತು. ದೇಯಿ ಎದ್ದು ಬಂದು ಅವನ ಕಪಾಳಕ್ಕೆ ಬಾರಿಸಿದಳು.

"ಎರಡಕ್ಷರ ಹೆಚ್ಚು ಕಲಿತದ್ದಾ ಇದಕ್ಕೆ? ಹೆಕ್ಕು! ಒಂದೊಂದೇ ಚೂರು ಹೆಕ್ಕು!"

ಅವನು ಹೆಕ್ಕಲಿಲ್ಲ. ಅವಳೇ ಹೆಕ್ಕಿದಳು.

ಮರುದಿನ ಊಟ ಮುಗಿಸಿ ಕೈತೊಳೆದವನು ಕ್ಯಾಶಿನ ಎದುರು ನಿಂತು ಶೆಟ್ಟರಿಗೆ ಇಡೀ ಕತೆ ಹೇಳಿದ: ಬಾಗಿಲು, ಕತ್ತಿ, ಕುದುರೆ. "ಇದಕ್ಕೆ ಜೋಳವಾಳಿ ಅಂತಾರೆ ಧಣಿ. ನಮ್ಮ ಅಜ್ಜ ಮಾಡಿದ್ದೂ ಅದೇ."

ಶೆಟ್ಟರು ಎಸ್ಸೆಸ್ಸೆಲ್ಸಿ ಫೇಲು. ಓದಿನ ಮಾತೆಂದರೆ ಅವರಿಗೆ ಆಕಳಿಕೆ. ಆದರೆ ಈ ಮಾತಿಗೆ ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿದರು.

"ಪುಸ್ತಕದಲ್ಲೇ ಉಂಟಾ ಇದು? ಕಾಲೇಜಿನ ಪುಸ್ತಕದಲ್ಲಿ?"

"ಉಂಟು ಧಣಿ."

"ಇನ್ನೊಮ್ಮೆ ಹೇಳು. ಎಂತ ವಾಳಿ?"

ಅಂದಿನಿಂದ ಶೆಟ್ಟರು ಅವನನ್ನು ಪಂಡಿತರೇ ಎಂದು ಕರೆಯತೊಡಗಿದರು. ಪರಿಚಯದವರು ಊಟಕ್ಕೆ ಬಂದರೆ ಅವನನ್ನು ಕರೆದು ಕೈ ತುಂಡಾದ ಆಳಿನ ಕತೆ ಹೇಳಿಸುವರು. ಪಾತ್ರೆ ತೊಳೆಯುವವರು, ರುಬ್ಬುವವರು, ಬಡಿಸುವವರು ಎಲ್ಲರಿಗೂ ಕೇಳಿಸುವ ಹಾಗೆ. ಕಾಲೇಜಿನ ವಾರ್ಷಿಕೋತ್ಸವಕ್ಕೆ ಮುಖ್ಯ ಅತಿಥಿಯಾಗಿ ಹೋದವರು, ಹಳಗನ್ನಡದ ಪಾಠ ತೆಗೆಯಲೇಬಾರದು, ನಮ್ಮ ಮಕ್ಕಳಿಗೆ ನಿಯತ್ತು ಬರುವುದು ಅದರಿಂದಲೇ ಎಂದು ಮೈಕಿನಲ್ಲಿ ಹೇಳಿದರು. ವ್ಯಾಪಾರಿಯೊಬ್ಬರು ತನ್ನ ವಿಷಯದ ಪರವಾಗಿ ಮಾತಾಡಿದ್ದು ವಿನಿಫ್ರೆಡ್ ಮಿಸ್ಸಿಗೆ ಜೀವಮಾನದಲ್ಲಿ ಮೊದಲು. ಅವರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಊಟದ ಜೊತೆ ಕೆಲಸವೂ ಬಂತು. ಮೀನಿನ ಬಾಕಿ ಕೇಳಲು ಬಂದು ಗಲಾಟೆ ಮಾಡಿದವನ ಸೈಕಲನ್ನು ಮೋಹನದಾಸ್ ಹೆದ್ದಾರಿಗೆ ಎಸೆದ. ಲಾರಿ ಅದರ ಮೇಲೆ ಹಾದುಹೋಯಿತು. ಹೋಟೆಲಿನ ಎದುರು ಎಳನೀರು ಮಾರಲು ಕೂತವನ ಮೊಣಕಾಲಿಗೆ ಅವನದೇ ಕತ್ತಿಯ ಹಿಂಬದಿಯಿಂದ ಹೊಡೆದ. ಹೊಡೆದು ಬಂದು ಊಟಕ್ಕೆ ಕೂತರೆ ಅನ್ನ ರುಚಿಯಾಗುತ್ತಿತ್ತು.

ಬಡಿಸುತ್ತಿದ್ದ ಜಯ ಬೆಂಗ್ರೆಯವನು. ದಿನಾ ದೋಣಿಯಲ್ಲಿ ಹೊಳೆ ದಾಟಿ, ಬಸ್ಸು ಹಿಡಿದು ನಂತೂರಿಗೆ ಬರುತ್ತಿದ್ದ. "ಪಂಡಿತಾ, ನೀನು ಓದಿದ ಪುಸ್ತಕದಲ್ಲಿ ಆ ಆಳಿಗೆ ವಾರಕ್ಕೊಂದು ರಜೆ ಇತ್ತಾ?" ಎಂದು ಅನ್ನ ಹಾಕುತ್ತ ಕೇಳುವನು. ಮೋಹನದಾಸ್ ನಗುವನು. ಆದರೆ ಜಯ ತಮಾಷೆಗೆ ಕೇಳಿರಲಿಲ್ಲ. ಬೇಸಿಗೆ ಶುರುವಾಗುವ ಹೊತ್ತಿಗೆ ಹೋಟೆಲಿನ ಕೆಲಸದವರನ್ನೆಲ್ಲ ಸೇರಿಸಿ ಸಂಘ ಕಟ್ಟಿದ. ವಾರಕ್ಕೊಂದು ರಜೆ, ಮಲಗಲು ಊಟದ ಮೇಜಿನ ಬದಲು ಒಂದು ಕೋಣೆ, ಕೇಳಿದ್ದು ಇಷ್ಟೇ. ಶೆಟ್ಟರು ಜಯನನ್ನು ಕೆಲಸದಿಂದ ತೆಗೆದರು. ಮರುದಿನ ಎಲ್ಲರೂ ಒಲೆ ಆರಿಸಿ ಹೊರಗೆ ಬಂದು ಹೆದ್ದಾರಿಯ ಬದಿಯಲ್ಲಿ ಕೂತರು. ಜಯ ಕೆಂಪು ಬಾವುಟ ಹಿಡಿದು ಮುಂದೆ ಕೂತ.

ಮುಚ್ಚಿದ ಹೋಟೆಲಿನೊಳಗೆ ಶೆಟ್ಟರು ಮೋಹನದಾಸನಿಗೆ ಮನೆಯಿಂದ ತರಿಸಿದ ಊಟ ಕೊಟ್ಟರು. ಅವನು ಉಣ್ಣುವುದನ್ನೇ ನೋಡುತ್ತ ಕೂತರು.

"ಕೋಳಿ ಹೇಗೆ ಉಂಟು?"

"ಒಳ್ಳೆದುಂಟು ಧಣಿ."

"ಅವ ಬಾವುಟ ಹಿಡಿಯುವುದು ಬಲಗೈಯಲ್ಲಿ, ಅಲ್ಲವಾ?"

ಮೋಹನದಾಸ್ ತಲೆ ಎತ್ತಿದ.

"ಆ ಕೈ ಇಲ್ಲದಿದ್ದರೆ ಉಳಿದವರೆಲ್ಲ ನಾಳೆಯೇ ಒಲೆ ಹೊತ್ತಿಸ್ತಾರೆ. ಅದು ಆಗದಿದ್ದರೆ ನಾನು ಬಾಗಿಲು ಹಾಕ್ಬೇಕು. ನಿನಗೆ ನಾನು ಎಂತದೂ ಹೇಳುದಿಲ್ಲ. ನೀವು ಪಂಡಿತರು. ನಿಮ್ಮ ಪುಸ್ತಕ ಎಂತ ಹೇಳ್ತದೆ ನೋಡಿ."

ಬೇರೆ ಯಾರ ಕೈಯಾಗಿದ್ದರೂ ಅವನು ಮುರಿಯಲು ಹೋಗುತ್ತಿದ್ದ. ಜಯನ ಕೈ ಎಂದ ಮೇಲೆ ಅವನಿಗೆ ಬಿಡಿಸಿಕೊಳ್ಳುವ ದಾರಿ ಬೇಕಾಯಿತು. ದಾರಿ ಇದ್ದರೆ ಅದೇ ಪುಸ್ತಕದಲ್ಲಿ ಇರಬೇಕು.

ಮರುದಿನ ಮಧ್ಯಾಹ್ನ ಸ್ಟಾಫ್ ರೂಮಿಗೆ ಹೋದ. ವಿನಿಫ್ರೆಡ್ ಮಿಸ್ ಒಬ್ಬರೇ ಕೂತು ಪೇಪರು ತಿದ್ದುತ್ತಿದ್ದರು.

"ಮಿಸ್, ಜೋಳವಾಳಿ ತೀರಿಸದೆ ಬಿಟ್ಟವರು ಯಾರಾದರೂ ಇದ್ದಾರಾ? ಒಡೆಯನ ಅನ್ನ ತಿಂದು, ಕೊನೆಗೆ ಆಗುದಿಲ್ಲ ಅಂತ ಹೇಳಿದವರು?"

ಮಿಸ್ ಪೆನ್ನು ಕೆಳಗಿಟ್ಟರು. ಹಳಗನ್ನಡದ ಬಗ್ಗೆ ವಿದ್ಯಾರ್ಥಿಯೊಬ್ಬ ತಾನಾಗಿ ಬಂದು ಪ್ರಶ್ನೆ ಕೇಳಿ ಎಷ್ಟು ಕಾಲವಾಗಿತ್ತೋ. ಕುರ್ಚಿ ತೋರಿಸಿದರು. ಕಣ್ಣು ಹೊಳೆಯುತ್ತಿತ್ತು.

"ಒಳ್ಳೆ ಪ್ರಶ್ನೆ. ಇಲ್ಲ, ಮೋಹನ. ಆ ಲೋಕದಲ್ಲಿ ಅಂಥವನಿಗೆ ಜಾಗವೇ ಇಲ್ಲ. ಜೋಳವಾಳಿ ತಪ್ಪಿದವನು ಬದುಕಿದ್ದರೂ ಹೆಣ. ಅವನಿಗೆ ವೀರಗಲ್ಲಿಲ್ಲ, ಹೆಸರಿಲ್ಲ. ಅವನ ಹೆಂಡತಿ ಬಾವಿಕಟ್ಟೆಗೆ ಹೋದರೆ ಬೇರೆ ಹೆಂಗಸರು ಕೊಡ ಎತ್ತಿಕೊಂಡು ಏಳ್ತಾರೆ. ಎದುರಿಗೆ ನಿಂತವನು ಸ್ನೇಹಿತನೋ ತಮ್ಮನೋ, ನೋಡುವ ಹಾಗೆ ಇಲ್ಲ. ಅದೇ ಅದರ ಭಯಂಕರತೆ, ಅದೇ ಅದರ ಚಂದ." ಮುಂದಕ್ಕೆ ಬಾಗಿದರು. "ಇದರ ಮೇಲೆ ಸೆಮಿನಾರಿಗೆ ಒಂದು ಪ್ರಬಂಧ ಬರಿ. ಬರೀತೀಯಾ?"

"ಬರೀತೇನೆ ಮಿಸ್."

ಅವನು ಅಲ್ಲಿಂದ ನೇರ ಮನೆಗೆ ಹೋಗಿ, ಪಕ್ಕದ ಮನೆಯವರ ನೆಲ ಅಗೆಯುವ ಪಿಕ್ಕಾಸಿನ ಮರದ ಹಿಡಿ ಕಳಚಿ, ಗೋಣಿಯಲ್ಲಿ ಸುತ್ತಿಕೊಂಡು ಹೊಳೆಯ ಕಡೆ ನಡೆದ.

ಇನ್ನೂ ಬಿಸಿಲಿತ್ತು. ಬೆಂಗ್ರೆಗೆ ಹೋಗುವ ದೋಣಿ ಆಚೆ ದಡದಲ್ಲಿತ್ತು. ಮೀನು ಮಾರಿ ಬಂದ ನಾಲ್ಕಾರು ಹೆಂಗಸರು ಖಾಲಿ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತಿದ್ದರು. ಜಯ ತುಸು ದೂರದಲ್ಲಿ, ಒಣಗಲು ಹಾಕಿದ ಬಲೆಗಳ ಹತ್ತಿರ ಬೀಡಿ ಸೇದುತ್ತಿದ್ದ.

"ಓ, ಪಂಡಿತ! ನಮ್ಮ ಕಡೆ ಬಂದೆಯಾ ಕೊನೆಗೆ?" ಎಂದು ನಕ್ಕ. "ಊಟ ಆಯ್ತಾ? ನಾನಿಲ್ಲದೆ ಅಲ್ಲಿ ಯಾರು ಬಡಿಸ್ತಾರೆ ನಿನಗೆ?"

"ಜಯಣ್ಣ, ಸಂಘ ಬಿಡು."

"ಯಾಕೆ?"

"ಬಿಡು ಅಂತ ಹೇಳಿದೆ. ಎಲ್ಲಿಗಾದರೂ ಹೋಗು. ಬೊಂಬಾಯಿಗೆ ಹೋಗು."

ಜಯ ಗೋಣಿಯನ್ನು ನೋಡಿದ. ಅದರ ಉದ್ದ ನೋಡಿದ. ನಗು ನಿಂತಿತು. "ಓಹೋ. ಊಟದ ಬಿಲ್ಲು ಬಂತಾ?"

ಆ ಮಾತಿಗೇ ಮೋಹನದಾಸನಿಗೆ ನೆತ್ತರು ತಲೆಗೇರಿತು. ಮೊದಲ ಪೆಟ್ಟು ಕಿವಿಯ ಮೇಲೆ ಬಿತ್ತು. ಜಯ ಬಲೆಯ ಮೇಲೆ ಬಿದ್ದ. ಏಳಲು ನೋಡಿದ, ಕಾಲು ಬಲೆಗೆ ಸಿಕ್ಕಿಕೊಂಡಿತು. ಮೋಹನದಾಸ್ ಅವನ ಬಲಗೈಯನ್ನು ಕಾಲಲ್ಲಿ ಮೆಟ್ಟಿ, ದಡದ ಕಲ್ಲಿನ ಮೇಲೆ ಚಾಚಿಸಿ, ಮಣಿಕಟ್ಟಿಗೆ ಹೊಡೆದ. ಒಣ ತೆಂಗಿನ ಮಡಲು ಮುರಿದಂತೆ ಸದ್ದಾಯಿತು. ಜಯನ ಕೂಗು ಹೊಳೆಯ ಆಚೆಗೆ ಕೇಳಿಸಿತು. ಅಷ್ಟಕ್ಕೆ ಸಾಕಿತ್ತು. ಅವನು ನಿಲ್ಲಿಸಲಿಲ್ಲ. ಬೆರಳುಗಳ ಮೇಲೆ ಹೊಡೆದ, ಕೈ ಎಂಬ ಆಕಾರ ಹೋಗುವ ತನಕ ಹೊಡೆದ. ಹೊಡೆಯುವಾಗ ಪ್ರತಿ ಸಲವೂ ಈಗ ರುಚಿಯೊಂದು ಬರುತ್ತದೆ, ಎದೆ ಉಬ್ಬುತ್ತದೆ ಎಂದು ಕಾದ. ಬರಲಿಲ್ಲ. ವಾಂತಿ ಬಂತು.

ಓಡುವ ಮೊದಲೇ ಹೆಂಗಸರು ಅವನನ್ನು ಹಿಡಿದರು. ಬುಟ್ಟಿಗಳಿಂದ ಹೊಡೆದರು, ಉಗುರಿನಿಂದ ಕೆನ್ನೆ ಕಿತ್ತರು. ದೋಣಿಯಿಂದ ಇಳಿದ ಗಂಡಸರು ಅವನ ಪಕ್ಕೆಲುಬಿಗೆ ದೋಣಿಯ ಹುಟ್ಟಿನಿಂದ ಹೊಡೆದು, ಬಲೆಯ ಹಗ್ಗದಲ್ಲೇ ಕಟ್ಟಿ ಪೊಲೀಸರಿಗೆ ಕೊಟ್ಟರು.

ಲಾಕಪ್ಪಿಗೆ ಮೊದಲು ಬಂದವಳು ದೇಯಿ. ಸರಳಿನ ಒಳಗೆ ಕೈ ಹಾಕಿ ಮಗನ ಅಂಗಿಯ ಕಾಲರು ಹಿಡಿದು ಎಳೆದಳು. ಅವನ ಹಣೆ ಕಬ್ಬಿಣಕ್ಕೆ ಬಡಿಯಿತು. "ಮುದುಕ ಗದ್ದೆ ಕಳಕೊಂಡ. ಅವ ಯಾರ ಕೈಯನ್ನೂ ಮುರೀಲಿಲ್ಲ," ಎಂದಳು. ಅಂಗಿ ಬಿಟ್ಟು ಹೋದಳು.

ಆಮೇಲೆ ಶೆಟ್ಟರ ವಕೀಲರ ಕಡೆಯವನೊಬ್ಬ ಬಂದ. ಹೆಣ್ಣಿನ ವಿಷಯದಲ್ಲಿ ಜಗಳ ಅಂತ ಹೇಳು, ಶೆಟ್ಟರ ಹೆಸರು ಬಾಯಲ್ಲಿ ಬರಬಾರದು, ಹೊರಗೆ ತರುವುದು ನಮ್ಮ ಕೆಲಸ ಎಂದ. ಮೋಹನದಾಸ್ ಒಪ್ಪಿದ, ಹೇಳಿಕೆಯನ್ನೂ ಹಾಗೆಯೇ ಬರೆಸಿದ. ಆಳು ಒಡೆಯನ ಹೆಸರು ಹೇಳುವುದಿಲ್ಲ, ಅಷ್ಟು ಅವನಿಗೂ ಗೊತ್ತಿತ್ತು.

ವಿನಿಫ್ರೆಡ್ ಮಿಸ್ ಬಂದದ್ದು ಮರುದಿನ ಬೆಳಿಗ್ಗೆ, ಕ್ಲಾಸು ಬಿಟ್ಟು. ಪೇಪರಿನಲ್ಲಿ ಓದಿದ್ದರು. ಮುಖ ಬಿಳಚಿಕೊಂಡಿತ್ತು.

"ನೀನು ಕೇಳಿದ್ದು ಪರೀಕ್ಷೆಗೆ ಅಂತ ತಿಳ್ಕೊಂಡೆ," ಎಂದರು.

"ಪರೀಕ್ಷೆಗೇ ಮಿಸ್."

"ಯಾರು ಕಳಿಸಿದ್ದು ನಿನ್ನನ್ನು?"

ಅವನು ಊದಿದ ತುಟಿಯಲ್ಲೇ ತುಸು ಗರ್ವದಿಂದ ಹೇಳಿದ: "ಜೋಳವಾಳಿ, ಮಿಸ್. ನೀವೇ ಕಲಿಸಿದ್ದು."

ಮಿಸ್ಸಿಗೆ ಕಪಾಳಕ್ಕೆ ಹೊಡೆದಂತಾಯಿತು. ಸರಳು ಹಿಡಿದುಕೊಂಡರು. ಬಾಗಿಲ ಬಳಿ ಕೂತ ಕಾನ್‌ಸ್ಟೇಬಲ್ ಹೊತ್ತಾಯಿತೆಂದು ಕೆಮ್ಮಿದ. ಅವರು ಅವನ ಕಡೆ ತಿರುಗದೆ, ಕ್ಲಾಸಿನಲ್ಲಿ ಪಾಠ ಹೇಳುವ ಗಂಟಲಿನಲ್ಲೇ ಶುರು ಮಾಡಿದರು.

"ಅರ್ಧ ಕಲಿಸಿದೆ. ಹದಿನೈದು ಪದ್ಯ ಬಿಟ್ಟೆ. ಪ್ರಶ್ನೆ ಬರುದಿಲ್ಲ ಅಂತ ಪ್ರತಿ ವರ್ಷ ಬಿಡ್ತೇನೆ. ಈಗ ಕೇಳು. ಯುದ್ಧ ಮುಗಿದ ಸಂಜೆ. ಆ ಆಳು ಇನ್ನೂ ಸತ್ತಿಲ್ಲ. ಎದೆ ಒಡೆದಿದೆ, ಎರಡೂ ಕೈ ಇಲ್ಲ. ನೊಣ ಬಂದು ಬಾಯಲ್ಲಿ ಕೂತರೆ ಓಡಿಸ್ಲಿಕ್ಕೆ ಕೈ ಇಲ್ಲ. ಅವನು ಕೊಂದವರು ಸುತ್ತ ಬಿದ್ದಿದ್ದಾರೆ. ಅವರ ಹೆಂಡಿರು ದೀವಟಿಗೆ ಹಿಡಿದು ಹುಡುಕ್ಲಿಕ್ಕೆ ಬರ್ತಾರೆ. ಕವಿ ಒಬ್ಬೊಬ್ಬಳ ಹೆಸರೂ ಹೇಳ್ತಾನೆ, ಗಂಡನ ಯಾವ ಗುರುತು ಹಿಡಿದಳು ಅಂತಲೂ ಹೇಳ್ತಾನೆ. ಮರುದಿನ ರಾಜ ಹೊಸ ಸೈನ್ಯ ಕಟ್ಟಿಕೊಂಡು ಅದೇ ದಾರಿಯಲ್ಲಿ ಬರ್ತಾನೆ. ಆಳು ಒಡೆಯನನ್ನು ನೋಡಿ ಕೂಗ್ತಾನೆ. ರಾಜ ಕೇಳ್ತಾನೆ, ಯಾರದು? ಯಾರಿಗೂ ಗೊತ್ತಿಲ್ಲ. ಹೆಣಗಳ ನಾತ, ನನ್ನ ಆನೆಯನ್ನು ಸುತ್ತು ದಾರಿಯಲ್ಲಿ ನಡೆಸಿ ಅಂತಾನೆ. ರಾತ್ರಿ ನರಿಗಳು ಬರ್ತವೆ. ನರಿ ಅವನ ಹೊಟ್ಟೆ ಹರಿದಾಗ ಒಳಗಿಂದ ಜೋಳ ಬರ್ತದೆ, ಅರಗದ ಜೋಳ. ಅಲ್ಲಿಗೆ ಆ ಅಧ್ಯಾಯ ಮುಗೀತದೆ."

ಮೋಹನದಾಸ್ ಸರಳಿನ ಹತ್ತಿರ ಬಂದ.

"ಆ ಕವಿಯೂ ಒಬ್ಬ ರಾಜನ ಅನ್ನ ತಿಂದವನೇ," ಎಂದರು ಮಿಸ್. "ತಿಂದು, ಆಸ್ಥಾನದಲ್ಲಿ ನಿಂತು, ಆ ರಾಜನ ಎದುರೇ ಇದನ್ನು ಓದಿದ. ನಾನು ನಿನಗೆ ಹೇಳ್ಬೇಕಾಗಿದ್ದದ್ದು ಅದು."

ಕಾನ್‌ಸ್ಟೇಬಲ್ ಎದ್ದು ಬಂದು ಸಾಕು ಎಂದ.

ಮಧ್ಯಾಹ್ನ ಅವನಿಗೆ ಕೈಕೋಳ ಹಾಕಿ, ಗುರುತು ಹಿಡಿಸಲು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ವಾರ್ಡಿನಲ್ಲಿ ಜಯನ ಮಂಚದ ಪಕ್ಕ ತಾರಾನಾಥ ಶೆಟ್ಟರು ನಿಂತಿದ್ದರು. ಕೈಯಲ್ಲಿ ಕಿತ್ತಳೆ ಹಣ್ಣಿನ ಚೀಲ. ಪೇಪರಿನವನೊಬ್ಬ ಅವರ ಮಾತು ಬರೆದುಕೊಳ್ಳುತ್ತಿದ್ದ. ಕೆಲಸದವರೆಂದರೆ ನನ್ನ ಮಕ್ಕಳ ಹಾಗೆ, ಮುಷ್ಕರ ಬೇರೆ, ಮನುಷ್ಯತ್ವ ಬೇರೆ ಎನ್ನುತ್ತಿದ್ದರು. ಜಯ ಕಣ್ಣು ಮುಚ್ಚಿಕೊಂಡಿದ್ದ. ತಲೆಗೂ ಕಿವಿಗೂ ಸೇರಿಸಿ ಪಟ್ಟಿ. ಬಲಗೈಯನ್ನು ಮಣಿಕಟ್ಟಿನ ಮೇಲಿಂದ ತೆಗೆದಿದ್ದರು.

ಮೋಹನದಾಸನಿಗೆ ಇದು ಗೊತ್ತಿರಲಿಲ್ಲ. ಹೊದಿಕೆಯ ಮೇಲೆ ಕೈ ಅರ್ಧಕ್ಕೇ ನಿಂತ ಜಾಗವನ್ನೇ ನೋಡಿದ.

"ಇವನೇನಯ್ಯ?" ಸಬ್ ಇನ್ಸ್‌ಪೆಕ್ಟರ್ ಜಯನನ್ನು ಕೇಳಿದ.

ಜಯ ಕಣ್ಣು ತೆರೆದ. "ಇವನೇ."

ಶೆಟ್ಟರು ಮೋಹನದಾಸನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಇವನಾ?" ಎಂದರು ಪೇಪರಿನವನ ಕಡೆ ತಿರುಗಿ. "ಎಲ್ಲೋ ನೋಡಿದ ಹಾಗೆ ಉಂಟು. ಹೋಟೆಲು ಅಲ್ಲವಾ, ನೂರಾರು ಜನ ಬರ್ತಾರೆ. ಯಾರು ಅಂತ ಗೊತ್ತಾಗ್ಲಿಲ್ಲ."

ಮೋಹನದಾಸ್ ಕೋಳ ಹಾಕಿದ ಕೈಗಳನ್ನು ಎತ್ತಿ ಶೆಟ್ಟರನ್ನು ತೋರಿಸಿದ.

"ಕಳಿಸಿದ್ದು ಇವರು," ಎಂದ.

ಸಬ್ ಇನ್ಸ್‌ಪೆಕ್ಟರ್ ಅವನ ಬಾಯಿಗೇ ಹೊಡೆದ. ಬೆರಳಿನ ಉಂಗುರ ತಾಗಿ ತುಟಿ ಸೀಳಿತು. "ಹೆಣ್ಣಿನ ವಿಷಯ ಅಂತ ನಿನ್ನೆ ಹೇಳಿಕೆ ಕೊಟ್ಟಿದ್ದೀ. ನಾಲಿಗೆ ಸರಿ ಇಟ್ಕೊ."

"ಧಣಿ ಕಳಿಸಿದ್ದು. ತಾರಾನಾಥ ಶೆಟ್ಟರು."

ಈ ಸಲ ಮೊಣಕಾಲಿನ ಗುದ್ದು ಬಂತು, ನಿನ್ನೆ ಹುಟ್ಟಿನ ಪೆಟ್ಟು ಬಿದ್ದ ಪಕ್ಕೆಗೇ. ಕೈಕೋಳದಲ್ಲಿದ್ದವನು ಮಂಚದ ಕಾಲಿಗೆ ಬಡಿದು ನೆಲಕ್ಕೆ ಬಿದ್ದ. ಅವನು ತಾಗಿ ಶೆಟ್ಟರ ಚೀಲ ಬಿದ್ದು ಕಿತ್ತಳೆಗಳು ಉರುಳಿದವು. ಆಚೀಚೆಯ ಮಂಚದ ರೋಗಿಗಳು ಎದ್ದು ಕೂತರು. ಪೇಪರಿನವನು ಪೆನ್ನು ಜೇಬಿಗೆ ಹಾಕಿದ. ಶೆಟ್ಟರು ಅವನ ಭುಜದ ಮೇಲೆ ಕೈಯಿಟ್ಟು ಬಾಗಿಲ ಕಡೆ ನಡೆಸಿಕೊಂಡು ಹೊರಟರು. ಅವರು ಬಾಗಿಲು ದಾಟುವ ಮೊದಲೇ ಹೇಳಬೇಕಿತ್ತು. ಮೋಹನದಾಸ್ ಮಂಚದ ಕಬ್ಬಿಣ ಹಿಡಿದು ಮೊಣಕಾಲ ಮೇಲೆ ಎದ್ದ. ಬಾಯಿಯ ತುಂಬ ರಕ್ತ, ಮಾತು ತೊದಲಿತು.

ಮೇಲಿನಿಂದ ಜಯನ ಸಣ್ಣ ಸ್ವರ ಕೇಳಿಸಿತು. ಅದರಲ್ಲಿ ಕ್ಷಮೆಯೇನೂ ಇರಲಿಲ್ಲ.

"ಜೋರಾಗಿ ಹೇಳು. ಒಂದು ಕಿವಿ ನೀನೇ ತೆಗೆದಿದ್ದೀ."

ಸಬ್ ಇನ್ಸ್‌ಪೆಕ್ಟರ್ ಬೂಟು ಎತ್ತಿದ. ಮೋಹನದಾಸ್ ರಕ್ತ ಉಗುಳಿ, ಇಡೀ ವಾರ್ಡಿಗೆ ಕೇಳಿಸುವ ಹಾಗೆ ಶೆಟ್ಟರ ಹೆಸರು ಹೇಳಿದ.